ರೆಪೊ ಎಲ್ಲರಿಗೂ ಒಂದೇ, ಬಡ್ಡಿ ಮಾತ್ರ ಬೇರೆ ಬೇರೆ

2025ರ ಫೆಬ್ರುವರಿಯಿಂದ ಜೂನ್‌ವರೆಗೆ ಮೂರು ಸಲ ಕಡಿತಗೊಂಡು ರೆಪೊ ದರ ಶೇ 6.5ರಿಂದ ಶೇ 5.5ಕ್ಕೆ ಬಂತು. ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಸಣ್ಣ ಘಟಕವೊಂದರ ಕ್ಯಾಶ್ ಕ್ರೆಡಿಟ್ (ಸಿಸಿ) ಖಾತೆಯಲ್ಲಿ ವರ್ಷಪೂರ್ತಿ 50 ಲಕ್ಷ ರೂಪಾಯಿ ಸಾಲ ನಿಂತಿದ್ದರೆ, ಈ ಶೇ 1ರ ಬೆಲೆ 50 ಸಾವಿರ ರೂಪಾಯಿ. ಅದು ಮಾಲೀಕರ ಕೈಗೆ ದಕ್ಕುವುದೇ? ಉತ್ತರ ಮಂಜೂರಾತಿ ಪತ್ರದಲ್ಲಿದೆ. ಅದನ್ನು ಪೂರ್ತಿ ಓದುವವರೇ ಕಡಿಮೆ.

2 ಲಕ್ಷ ರೂಪಾಯಿ ಮೀರಿದ ಸಾಲದ ಬಡ್ಡಿಯನ್ನು ರಿಸರ್ವ್ ಬ್ಯಾಂಕ್ ಆಯಾ ಬ್ಯಾಂಕಿನ ಲೆಕ್ಕಾಚಾರಕ್ಕೇ ಬಿಟ್ಟದ್ದು 1994ರಲ್ಲಿ. ಮುಂದೆ ಬ್ಯಾಂಕುಗಳ ಮೂಲ ಸಾಲದರವಾಗಿ ಪಿಎಲ್‌ಆರ್ ಹೋಗಿ ಬಿಪಿಎಲ್‌ಆರ್ ಬಂತು, 2010ರಲ್ಲಿ ಬೇಸ್ ರೇಟ್, 2016ರಲ್ಲಿ ಎಂಸಿಎಲ್‌ಆರ್. ಬಿಪಿಎಲ್‌ಆರ್ ಕಾಲದಲ್ಲಂತೂ ದೊಡ್ಡ ಕಂಪನಿಗಳಿಗೆ ಆ ದರಕ್ಕಿಂತಲೂ ಅಗ್ಗವಾಗಿ ಸಾಲ ಸಿಗುತ್ತಿತ್ತು! ಠೇವಣಿಯ ಖರ್ಚು, ರಿಸರ್ವ್ ಬ್ಯಾಂಕಿನಲ್ಲಿ ಇಡಲೇಬೇಕಾದ, ಬಡ್ಡಿ ಹುಟ್ಟದ ಸಿಆರ್‌ಆರ್ ಹಣ, ಬ್ಯಾಂಕ್ ನಡೆಸುವ ವೆಚ್ಚ, ಸಾಲದ ಅವಧಿ ಇವನ್ನೆಲ್ಲ ಸೇರಿಸಿ ಬ್ಯಾಂಕೇ ಹಾಕುವ ಲೆಕ್ಕ ಎಂಸಿಎಲ್‌ಆರ್. ಹಾಗಾಗಿ ರೆಪೊ ಇಳಿದರೂ ಅದು ಆಮೆಗತಿಯಲ್ಲೇ ಇಳಿಯಿತು. ಕೊನೆಗೆ 2019ರ ಅಕ್ಟೋಬರ್ 1ರಿಂದ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳ, 2020ರ ಏಪ್ರಿಲ್‌ನಿಂದ ಮಧ್ಯಮ ಉದ್ಯಮಗಳ ಹೊಸ ಫ್ಲೋಟಿಂಗ್ ಸಾಲಗಳನ್ನು ರೆಪೊ ಅಥವಾ ಟ್ರೆಷರಿ ಬಿಲ್‌ನಂಥ ಹೊರಗಿನ ದರಕ್ಕೆ ಜೋಡಿಸುವುದು ಕಡ್ಡಾಯವಾಯಿತು. ಮೂರು ತಿಂಗಳಿಗೊಮ್ಮೆಯಾದರೂ ದರ ಪರಿಷ್ಕರಣೆ ಆಗಲೇಬೇಕು.

ಆದರೂ ಒಂದೇ ಬೀದಿಯ, ಒಂದೇ ಶಾಖೆಯ ಇಬ್ಬರಿಗೆ ಎರಡು ಬಡ್ಡಿ. ಕಾರಣ, ರೆಪೊ ಮೇಲೆ ಬ್ಯಾಂಕ್ ಸೇರಿಸುವ ‘ಸ್ಪ್ರೆಡ್’. ನಿಜವಾದ ಚೌಕಾಸಿಗೆ ಜಾಗ ಇರುವುದು ಇಲ್ಲೇ ಎಂಬುದು ನನ್ನ ಎಣಿಕೆ. ಸಿಬಿಲ್ 1ರಿಂದ 10ರವರೆಗೆ ಕೊಡುವ ಎಂಎಸ್‌ಎಂಇ ರ‍್ಯಾಂಕ್ (1 ಉತ್ತಮ), ಬ್ಯಾಲೆನ್ಸ್ ಶೀಟ್, ಜಿಎಸ್‌ಟಿ ರಿಟರ್ನ್, ಅಡಮಾನದ ಆಸ್ತಿ ಎಲ್ಲವೂ ಅಲ್ಲಿ ತೂಕಕ್ಕೆ ಬೀಳುತ್ತವೆ. ಸ್ಟಾಕ್ ಸ್ಟೇಟ್‌ಮೆಂಟ್ ತಿಂಗಳುಗಟ್ಟಲೆ ತಡವಾದರೆ ಅದೂ ಕಡತಕ್ಕೆ ಸೇರುತ್ತದೆ. ಅಡವಿಡಲು ಆಸ್ತಿ ಇಲ್ಲದವರಿಗೆ ಸಿಜಿಟಿಎಂಎಸ್‌ಇ ಎಂಬ ಟ್ರಸ್ಟ್‌ನ ಸಾಲ ಖಾತರಿ ಇದೆ, ಅದರ ಶುಲ್ಕ ಸಾಮಾನ್ಯವಾಗಿ ಸಾಲಗಾರರ ತಲೆಗೇ.

ಸಾಲಗಾರರ ಅರ್ಹತೆಯ ಅಂದಾಜು ಗಣನೀಯವಾಗಿ ಬದಲಾಗದೆ, ಸ್ಪ್ರೆಡ್‌ನ ರಿಸ್ಕ್ ಭಾಗವನ್ನು ಬ್ಯಾಂಕ್ ಮುಟ್ಟುವಂತಿಲ್ಲ. ಉಳಿದ ಭಾಗಕ್ಕೆ ಮೂರು ವರ್ಷದ ಬೀಗವಿತ್ತು. ಸಾಲಗಾರರಿಗೆ ಅನುಕೂಲವಾಗುವುದಾದರೆ ಅವಧಿಗೆ ಮೊದಲೇ ಇಳಿಸಬಹುದೆಂದು 2025ರಲ್ಲಿ ರಿಸರ್ವ್ ಬ್ಯಾಂಕ್ ಸಡಿಲಿಸಿದೆ. ‘ಇಳಿಸಬಹುದು’ ಅಷ್ಟೇ, ‘ಇಳಿಸಬೇಕು’ ಅಲ್ಲ. ಸಿಸಿ ಮಿತಿಯ ವಾರ್ಷಿಕ ನವೀಕರಣಕ್ಕೆ ಹೋದಾಗ ಕೇಳಬೇಕಾದವರು ಸಾಲಗಾರರೇ.