ಕೊಪ್ಪದ ಸಹಕಾರ ಸಾರಿಗೆ: ಕಾರ್ಮಿಕರೇ ಮಾಲೀಕರಾಗಿದ್ದ ಬಸ್ಸು

ಸಹಕಾರ ಸಾರಿಗೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ 1991ರಲ್ಲಿ ಹುಟ್ಟಿ, 2020ರ ಫೆಬ್ರವರಿಯಲ್ಲಿ ಓಡಾಟ ನಿಲ್ಲಿಸಿದ ಬಸ್ ಸಂಸ್ಥೆ. ಕಾಗದಪತ್ರಗಳಲ್ಲಿ ಅದು ಟ್ರಾನ್ಸ್‌ಪೋರ್ಟ್ ಕೋ-ಆಪರೇಟಿವ್ ಸೊಸೈಟಿ. ಜನರ ಬಾಯಲ್ಲಿ ಸಹಕಾರ ಸಾರಿಗೆ. ಅದಕ್ಕೆ ಧಣಿ ಎಂಬ ಒಬ್ಬ ಮನುಷ್ಯ ಇರಲಿಲ್ಲ. ಸ್ಟೇರಿಂಗ್ ಹಿಡಿದವರು, ಟಿಕೆಟ್ ಹರಿದವರು, ಗ್ಯಾರೇಜಿನಲ್ಲಿ ಬಸ್ಸಿನಡಿ ಮಲಗಿ ಗ್ರೀಸ್ ಮೆತ್ತಿಕೊಂಡವರು, ಇವರೇ ಅದರ ಸದಸ್ಯರು, ಇವರೇ ಮಾಲೀಕರು.

ಈ ಸೀಮೆಯಲ್ಲಿ ಬಸ್ಸಿಗೆ ಇದ್ದ ಬೆಲೆ ತಿಳಿಯಲು ನಕ್ಷೆ ನೋಡಿದರೆ ಸಾಕು. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದದ್ದೇ 2013ರಲ್ಲಿ. ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿಗೆ ಇವತ್ತಿಗೂ ರೈಲಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಓಡುತ್ತಿದ್ದ ಕಿರುಹಳಿಯ ರೈಲು ಎಂದೋ ಮುಚ್ಚಿಹೋಯಿತು. ಕಾಫಿಯೂ ಮೊದಲಿಗೆ ಎತ್ತಿನಗಾಡಿಗಳಲ್ಲಿ ಘಾಟಿ ಇಳಿದು ಮಂಗಳೂರು ಸೇರುತ್ತಿತ್ತು. ಮನೆಗಳು ಒಂದರ ಪಕ್ಕ ಒಂದು ಇರುವ ನಾಡೂ ಇದಲ್ಲ. ಒಂದು ಗುಡ್ಡಕ್ಕೆ ಒಂದು ಮನೆ, ಒಂದು ತೋಟಕ್ಕೆ ಒಂದು ಕೂಲಿ ಲೈನ್. ಕಳಸದವರಿಗೆ ಮೂಡಿಗೆರೆ ಬಹುಕಾಲ ತಾಲ್ಲೂಕು ಕೇಂದ್ರವಾಗಿತ್ತು. ಒಂದು ಪಹಣಿಗಾಗಿ ಕೊಟ್ಟಿಗೆಹಾರದ ಮೇಲೆ ಸುತ್ತಿ ಹೋಗಿ ಬರುವಷ್ಟರಲ್ಲಿ ಹಗಲೇ ಮುಗಿಯುತ್ತಿತ್ತು. ಈಗ ಕಳಸವೇ ಒಂದು ತಾಲ್ಲೂಕು.

ರಾಜ್ಯದ ಸರ್ಕಾರಿ ಬಸ್ಸಿನ ಕತೆ 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯ 120 ಬಸ್ಸುಗಳಿಂದ ಶುರುವಾಗುತ್ತದೆ. 1961ರಲ್ಲಿ ಅದು ನಿಗಮವಾಯಿತು. ಬಯಲುಸೀಮೆಯ ಹೆದ್ದಾರಿಗಳಲ್ಲಿ ಈ ಬಸ್ಸುಗಳು ಬೇಗ ಬೇರೂರಿದವು. ಮಲೆನಾಡು, ಕರಾವಳಿಗಳಲ್ಲಿ ಮಾತ್ರ ಖಾಸಗಿಯವರದೇ ಪಾರುಪತ್ಯ ಉಳಿಯಿತು. ಮಂಗಳೂರಿನ ಸಿ.ಪಿ.ಸಿ. ಕಂಪನಿ 1914ರಷ್ಟು ಹಿಂದಿನದು. ಘಾಟಿಯ ಮೇಲೂ ಕೆಳಗೂ ಇಂಥ ಕಂಪನಿಗಳು ರೂಟು ಹಂಚಿಕೊಂಡು ಓಡಿದವು. ಜನರೂ ಬಸ್ಸನ್ನು ನಂಬರಿನಿಂದ ಗುರುತಿಸಲಿಲ್ಲ, ಕಂಪನಿಯ ಹೆಸರಿನಿಂದಲೇ ಕರೆದರು.

ಕೊಪ್ಪದ ಭಾಗದಲ್ಲಿ ಹಾಗೆ ಹೆಸರಾಗಿದ್ದದ್ದು ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ. ಕಾರ್ಮಿಕರಿಗೂ ಆಡಳಿತಕ್ಕೂ ತಕರಾರು ಬೆಳೆದು ಆ ಕಂಪನಿ ಬಾಗಿಲು ಹಾಕಿದಾಗ, ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳು ಒಟ್ಟಿಗೇ ಬೀದಿಗೆ ಬಿದ್ದರು. ಬೇರೆ ಕಡೆ ಕೆಲಸ ಹುಡುಕಿ ಚದುರುವುದು ಸುಲಭದ ದಾರಿಯಾಗಿತ್ತು. ಅವರು ಸಹಕಾರ ಸಂಘ ಕಟ್ಟಿ, 1991ರ ಮಾರ್ಚಿನಲ್ಲಿ ಆರು ಬಸ್ಸುಗಳನ್ನು ರಸ್ತೆಗಿಳಿಸಿದರು.

ಹೀಗೆ ಮಾಡಿದವರಲ್ಲಿ ಇವರೇ ಮೊದಲಿಗರೇನಲ್ಲ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ, ಕೆಲಸ ಕಳೆದುಕೊಂಡ ಮಾಣಿಗಳು, ಅಡುಗೆಯವರು 1957ರಲ್ಲಿ ಬೆಂಗಳೂರಿನಲ್ಲಿ ಸಂಘ ಕಟ್ಟಿ ಅವನ್ನು ತಾವೇ ನಡೆಸಲು ತೊಡಗಿದ್ದರು. ಇದೇ ಗುಡ್ಡಗಳಲ್ಲಿ ಬೆಳೆದ ಬೀಜದ ಕಾಫಿ ಅಲ್ಲಿ ಬಟ್ಟಲಿಗೆ ಬೀಳುತ್ತಿತ್ತು ಎಂಬುದು ಕಾಕತಾಳೀಯ. ಆದರೆ ಕಾಫಿ ಹೌಸಿಗೆ ನಾಲ್ಕು ಗೋಡೆ, ಒಂದು ಒಲೆ ಸಾಕು. ಬಸ್ಸಿಗೆ ಪರ್ಮಿಟ್ಟು, ಎಫ್.ಸಿ., ವಿಮೆ, ಮೂರು ತಿಂಗಳಿಗೊಮ್ಮೆ ಸೀಟಿನ ಲೆಕ್ಕದ ತೆರಿಗೆ, ದಿನ ಬೆಳಗಾದರೆ ಡೀಸೆಲ್ಲು. ಅಂಥ ದಂಧೆಯನ್ನು ಕೂಲಿಯವರೇ ನಡೆಸುತ್ತಾರೆಂದರೆ ನಂಬುವವರು ಕಡಿಮೆ. ಆರು ಬಸ್ಸು ಮುಂದೆ ಎಪ್ಪತ್ತನ್ನು ದಾಟಿದವು. ಸುಮಾರು 300 ಮಂದಿಗೆ ಅದು ಅನ್ನವಾಯಿತು.

ಆಡಳಿತದ ಕ್ರಮ ಇತರ ಸಹಕಾರ ಸಂಘಗಳದ್ದೇ. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಸದಸ್ಯರು ಆರಿಸಿದ ನಿರ್ದೇಶಕರ ಮಂಡಳಿ, ವರ್ಷಕ್ಕೊಮ್ಮೆ ಮಹಾಸಭೆ, ಲೆಕ್ಕಪತ್ರದ ಮಂಡನೆ. ನಿನ್ನೆ ಸಭೆಯಲ್ಲಿ ಅಧ್ಯಕ್ಷರನ್ನು ತರಾಟೆಗೆ ತೆಗೆದುಕೊಂಡ ಕಂಡಕ್ಟರು ಇವತ್ತು ಬೆಳಿಗ್ಗೆ ಅವರ ಸಹಿಯ ಡ್ಯೂಟಿ ಚೀಟಿ ಹಿಡಿದು ಬಸ್ಸು ಹತ್ತಲು ಅವಕಾಶವಿದ್ದದ್ದು ಇಂಥ ವ್ಯವಸ್ಥೆಯಲ್ಲಿ ಮಾತ್ರ.

ಕೊಪ್ಪದಿಂದ ಹೊರಟ ಬಸ್ಸುಗಳು ಶೃಂಗೇರಿ, ಜಯಪುರ, ಬಾಳೆಹೊನ್ನೂರು, ಕಳಸ, ಚಿಕ್ಕಮಗಳೂರುಗಳನ್ನು ಮುಟ್ಟುತ್ತಿದ್ದವು; ಶಿವಮೊಗ್ಗಕ್ಕೂ ಘಾಟಿಯ ಕೆಳಗಿನ ಊರುಗಳಿಗೂ ಹೋಗುತ್ತಿದ್ದವು. ಸಂಸ್ಥೆಯ ಹೆಸರು ನಿಂತದ್ದು ಮಾತ್ರ ಈ ದೊಡ್ಡ ಊರುಗಳ ನಡುವಿನ ಓಟದಿಂದಲ್ಲ, ಒಳದಾರಿಗಳಿಂದ. ಅದರಲ್ಲೂ ಮಲೆನಾಡಿಗರು ಹಾಲ್ಟಿಂಗ್ ಬಸ್ಸು ಎನ್ನುವ ಏರ್ಪಾಟಿನಿಂದ.

ಹಾಲ್ಟಿಂಗ್ ಬಸ್ಸೆಂದರೆ ರಾತ್ರಿ ಡಿಪೋಗೆ ಮರಳದ ಬಸ್ಸು. ಸಂಜೆ ಪೇಟೆಯಿಂದ ಹೊರಟು, ಶಾಲೆ ಕಾಲೇಜಿನ ಮಕ್ಕಳನ್ನೂ ಸಂತೆಯ ಚೀಲಗಳನ್ನೂ ಒಂದೊಂದು ತಿರುವಿನಲ್ಲಿ ಇಳಿಸುತ್ತ, ಕತ್ತಲಾದ ಮೇಲೆ ಟಾರು ಮುಗಿಯುವ ಊರಿಗೆ ಬಂದು ನಿಲ್ಲುತ್ತದೆ. ಡ್ರೈವರು ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಕಂಡಕ್ಟರು ಒಳಗಿನ ಒಂದೇ ದೀಪದ ಕೆಳಗೆ ಕೂತು ಟಿಕೆಟ್ ಕಟ್ಟಿನ ನಂಬರುಗಳನ್ನು ವೇಬಿಲ್ಲಿಗೆ ಏರಿಸಿ, ನೋಟುಗಳನ್ನು ಜೋಡಿಸಿ, ಚಿಲ್ಲರೆ ಎಣಿಸುತ್ತಾನೆ. ಮಳೆಗಾಲವಾದರೆ ನೋಟು ಒಂದಕ್ಕೊಂದು ಅಂಟಿರುತ್ತವೆ. ಬಿಡಿಸಿ ಸೀಟಿನ ಮೇಲೆ ಹರವಬೇಕು. ಊಟ ಹತ್ತಿರದ ಅಂಗಡಿಯಲ್ಲೋ ಯಾರದೋ ಮನೆಯಲ್ಲೋ. ಹಾಸಿಗೆ ಬಸ್ಸಿನ ಉದ್ದ ಸೀಟು. ಬೆಳಿಗ್ಗೆ ಆರರ ಸುಮಾರಿಗೆ ಹಾರ್ನ್ ಹೊಡೆದರೆ ಅದೇ ಊರಿನ ಗಡಿಯಾರ: ಹಾಲಿನ ಕ್ಯಾನು ಹೊತ್ತವರು, ಆಸ್ಪತ್ರೆಗೆ ಹೊರಟವರು, ಕೋರ್ಟಿನ ವಾಯಿದೆ ಇರುವವರು ಓಡಿ ಬರುತ್ತಾರೆ. ಬರಬೇಕಾದವರು ಬಂದಿಲ್ಲವೆಂದರೆ ಕಂಡಕ್ಟರು ರೈಟ್ ಅನ್ನುವುದಿಲ್ಲ. ಮೇಲಿನ ಮನೆಯವರು ಇನ್ನೂ ಇಳಿಯುತ್ತಿದ್ದಾರೆ, ಬ್ಯಾಟರಿ ಬೆಳಕು ಕಾಣುತ್ತಿದೆ ಎಂದು ಕಾಯುತ್ತಾನೆ. ಸಮಯಪಾಲನೆಯ ದೃಷ್ಟಿಯಿಂದ ಇದು ತಪ್ಪು. ಆ ಬಸ್ಸು ತಪ್ಪಿದರೆ ಮುಂದಿನದು ಮಧ್ಯಾಹ್ನ ಎಂಬುದನ್ನು ಬಲ್ಲವರು ಅದನ್ನು ತಪ್ಪೆನ್ನಲಾರರು.

ಪ್ರಯಾಣಿಕರಷ್ಟೇ ಈ ಬಸ್ಸಿನ ಬಾಬತ್ತಲ್ಲ. ಮೋಟರಿನ ಸುಟ್ಟ ಕಾಯಿಲ್ ಪೇಟೆಗೆ ಹೋಗಿ ಸಂಜೆಗೆ ರಿಪೇರಿಯಾಗಿ ಬರುತ್ತದೆ. ಔಷಧಿ ಚೀಟಿ ಬೆಳಿಗ್ಗೆ ಹೋದರೆ ಮಾತ್ರೆ ರಾತ್ರಿಗೆ ಸಿಗುತ್ತದೆ. ದಿನಪತ್ರಿಕೆಯ ಕಟ್ಟು, ಮದುವೆಯ ಕರೆಯೋಲೆ, ಹಾಸ್ಟೆಲಿನ ಮಗನಿಗೆ ಕಟ್ಟಿದ ಉಪ್ಪಿನಕಾಯಿ ಭರಣಿ, ಎಲ್ಲಕ್ಕೂ ಕಂಡಕ್ಟರೇ ಅಂಚೆಯವನು. ರಸೀದಿಯಿಲ್ಲದೆ ಇಷ್ಟು ವಹಿವಾಟು ನಡೆಯಬೇಕಾದರೆ ಕಂಡಕ್ಟರು ಊರಿಗೆ ಗುರುತಿನವನಾಗಿರಬೇಕು, ವರ್ಷಗಟ್ಟಲೆ ಅದೇ ರೂಟಿನಲ್ಲಿರಬೇಕು. ಕೆಲಸಗಾರರೇ ಮಾಲೀಕರಾದ ಸಂಸ್ಥೆಗೆ ಇದು ಸಹಜವಾಗಿ ಒದಗಿದ ಬಂಡವಾಳ. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸೂ ಇತ್ತು. ಒಳನಾಡಿನ ಹೆಣ್ಣುಮಕ್ಕಳು ಹೈಸ್ಕೂಲು ದಾಟಿ ಕಾಲೇಜು ಮುಟ್ಟಲು ಇಂಥ ಬಸ್ಸುಗಳು ಎಷ್ಟು ಕಾರಣ ಎಂಬುದನ್ನು ಯಾರಾದರೂ ಕೂತು ಬರೆಯಬೇಕು.

ಖರ್ಚಿನ ಬಾಬ್ತಿನಲ್ಲಿ ಮಲೆನಾಡು ಕರುಣೆ ತೋರುವುದಿಲ್ಲ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸುರಿಯುವ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕಿಟಕಿಗಳಿಗೆ ಟಾರ್ಪಾಲು ಇಳಿಬಿಟ್ಟು ಬಸ್ಸು ಹಗಲಲ್ಲೂ ದೀಪ ಹಚ್ಚಿಕೊಂಡು ಓಡಬೇಕು. ಭದ್ರೆ ಉಕ್ಕಿದಾಗ ಕಳಸ–ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮುಳುಗುತ್ತದೆ. ಏರು, ತಿರುವು, ಗುಂಡಿಗಳ ದಾರಿಯಲ್ಲಿ ಹೆಚ್ಚು ಹೊತ್ತು ಮೊದಲ, ಎರಡನೆಯ ಗೇರಿನಲ್ಲೇ ಓಡುವ ಬಸ್ಸಿಗೆ ಡೀಸೆಲ್ ಹೆಚ್ಚು ಬೇಕು. ಬ್ರೇಕ್ ಲೈನರು, ಲೀಫ್ ಸ್ಪ್ರಿಂಗು, ಟೈರು ಬೇಗ ಸವೆಯುತ್ತವೆ. ಸಂಸ್ಥೆಗೆ ಸ್ವಂತ ಗ್ಯಾರೇಜು ಅನಿವಾರ್ಯವಾಗಿದ್ದುದು ಇದಕ್ಕೇ.

ಕೊನೆಯ ವರ್ಷಗಳ ಕಷ್ಟ ಒಂದೇ ಕಡೆಯಿಂದ ಬಂದದ್ದಲ್ಲ. 2014ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ದರದ ಮೇಲಿನ ಹಿಡಿತ ಬಿಟ್ಟಿತು; ದರ ಏರಿದಂತೆಲ್ಲ ಟಿಕೆಟ್ ಏರಿಸುವಂತಿರಲಿಲ್ಲ. ತೋಟದ ಮನೆಗಳ ಅಂಗಳಕ್ಕೆ ಬೈಕು, ಕಾರು ಬಂದವು. ಲಾಭ ಬರುವ ರೂಟುಗಳಲ್ಲಿ ಸರ್ಕಾರಿ ಬಸ್ಸಿನ ಪೈಪೋಟಿ ಹೆಚ್ಚಿತು. ಕಲೆಕ್ಷನ್ ಕುಸಿದಾಗ ಒಬ್ಬ ಖಾಸಗಿ ಮಾಲೀಕ ನಷ್ಟದ ರೂಟು ಕೈಬಿಡುತ್ತಾನೆ, ಆಳು ಕಡಿಮೆ ಮಾಡುತ್ತಾನೆ, ಬಸ್ಸು ಮಾರುತ್ತಾನೆ. ಸಹಕಾರ ಸಂಘದಲ್ಲಿ ತೆಗೆಯಬೇಕಾದ ಆಳೇ ಮತ ಹಾಕುವ ಮಾಲೀಕ. ಈ ಮಾದರಿಯ ಹಿರಿಮೆ ಯಾವುದೋ ಅದರ ತೊಡಕೂ ಅದೇ ಆಗಿತ್ತು. ಜನರಿಗಾಗಿ ನಷ್ಟದ ದಾರಿಯಲ್ಲೂ ಓಡುವ ಸಂಸ್ಥೆಗೆ ತೆರಿಗೆಯಲ್ಲಾದರೂ ಸರ್ಕಾರ ಕೈಹಿಡಿದಿದ್ದರೆ ಕತೆ ಬೇರೆಯಾಗುತ್ತಿತ್ತೆಂಬ ಮಾತು ಮಲೆನಾಡಿನಲ್ಲಿ ಇನ್ನೂ ಇದೆ. ಅದರಲ್ಲಿ ನ್ಯಾಯವೂ ಇದೆ.

2020ರ ಫೆಬ್ರವರಿಯ ನಡುವಿನಲ್ಲಿ ಬಸ್ಸುಗಳು ನಿಂತವು. ಮುಂದಿನ ತಿಂಗಳೇ ಕೊರೊನಾ ಲಾಕ್‌ಡೌನ್ ಬಂದು ದೇಶದ ಬಸ್ಸುಗಳೆಲ್ಲ ನಿಂತದ್ದರಿಂದ, ಸಹಕಾರ ಸಾರಿಗೆ ಇಲ್ಲದಿರುವುದು ಹಳ್ಳಿಗಳಿಗೆ ಪೂರ್ತಿ ಅರಿವಾದದ್ದು ತಡವಾಗಿ, ಶಾಲೆ ಕಾಲೇಜು ಮತ್ತೆ ತೆರೆದ ಮೇಲೆ. ಮುಖ್ಯ ರಸ್ತೆಗಳಲ್ಲಿ ಬೇರೆ ಖಾಸಗಿ ಬಸ್ಸುಗಳೂ ಸರ್ಕಾರಿ ಬಸ್ಸುಗಳೂ ಓಡುತ್ತಿವೆ. ಒಳದಾರಿಗಳಲ್ಲಿ ಆಟೊ, ಜೀಪುಗಳೇ ಗತಿ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗಿರುವ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗಷ್ಟೇ ಅನ್ವಯ. ಅಂಥ ಬಸ್ಸು ಬಾರದ ಊರಿನ ಹೆಂಗಸರು ಪೇಟೆಗೆ ಹೋಗಲು ಇಂದಿಗೂ ಕಾಸು ಕೊಟ್ಟೇ ಹತ್ತಬೇಕು.