ಕೂಸು ಅತ್ತ ಮೇಲಿನ ಆ ಒಂದು ತಾಸು

ಕೂಸು ಅತ್ತ ಸದ್ದು ಕೇಳಿದ್ದೇ ತಡ, ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದ ನಮಗೆಲ್ಲ ಹೋದ ಜೀವ ಬಂದಂತಾಯಿತು. ಅವ್ವ ಕೈ ಮುಗಿದಳು. ಮಾವ ಪೇಡೆ ತರಲು ಹೊರಟರು. ಹದಿನೆಂಟು ತಾಸು ಬ್ಯಾನೆ ತಿಂದ ಅಕ್ಕ ಇನ್ನು ಕಣ್ತುಂಬ ನಿದ್ದೆ ಮಾಡಲಿ ಅಂದುಕೊಂಡೆವು. ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಹೊರಗೆ ತಂದಾಗ ಎಲ್ಲರ ಕಣ್ಣೂ ಅದರ ಮೇಲೆಯೇ. ಒಳಗೆ ಹಿರಿಯ ನರ್ಸಬಾಯಿಯೊಬ್ಬರು ಮಾತ್ರ ಅಕ್ಕನ ಹೊಟ್ಟೆಯ ಮೇಲಿಂದ ಕೈ ತೆಗೆದಿರಲಿಲ್ಲ. "ಹೊಟ್ಟಿ ಗಟ್ಟಿ ಆಗವಲ್ದು, ಡಾಕ್ಟರನ್ನ ಕರೀರಿ" ಎಂದು ಅವರು ಕೂಗಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಹೆರಿಗೆ ಕಷ್ಟವಾಯಿತು ಎಂದರೆ ಕೂಸು ಅಡ್ಡ ತಿರುಗಿತು, ಬ್ಯಾನೆ ನಿಂತುಹೋಯಿತು, ರಾತ್ರೋರಾತ್ರಿ ಸಿಸೇರಿಯನ್ ಮಾಡಿದರು ಅಂತಲೇ ನಾವು ತಿಳಿಯುತ್ತೇವೆ. ಎಲ್ಲ ಸುಸೂತ್ರವಾಯಿತು ಎಂದು ನಿಟ್ಟುಸಿರು ಬಿಟ್ಟ ಮೇಲೆ ಬರುವ ಅತಿ ರಕ್ತಸ್ರಾವದ ಗಂಡಾಂತರದ ಬಗ್ಗೆ ಮನೆಯಲ್ಲಿ ಯಾರೂ ಹೇಳಿಕೊಟ್ಟಿರುವುದಿಲ್ಲ.

ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದಾಗ ಆ ಜಾಗದ ರಕ್ತನಾಳಗಳ ಬಾಯಿ ತೆರೆದುಕೊಳ್ಳುತ್ತದೆ. ಅದನ್ನು ಮುಚ್ಚುವ ಕೆಲಸ ಗರ್ಭಕೋಶದ ಸ್ನಾಯುಗಳದ್ದು. ಬುಟ್ಟಿ ಹೆಣೆದಂತೆ ಒಂದನ್ನೊಂದು ಹಾದುಹೋಗುವ ಆ ಎಳೆಗಳು ಬಿಗಿದುಕೊಂಡಾಗ ನಡುವಿನ ನಾಳಗಳು ಹಿಸುಕಿಕೊಂಡು ರಕ್ತ ನಿಲ್ಲುತ್ತದೆ. ತಾಸುಗಟ್ಟಲೆ ದುಡಿದು ಸೋತ ಸ್ನಾಯು ಬಿಗಿಯದಿದ್ದರೆ ನಿಲ್ಲುವುದಿಲ್ಲ. ಆಗ ತೆಂಗಿನಕಾಯಿಯಂತೆ ಗಟ್ಟಿಯಾಗಿ ಕೈಗೆ ಹತ್ತಬೇಕಾದ ಗರ್ಭಕೋಶ ನಾದಿದ ಹಿಟ್ಟಿನಂತೆ ಮೆತ್ತಗಿರುತ್ತದೆ. ನರ್ಸಬಾಯಿಯ ಅಂಗೈಗೆ ಸಿಕ್ಕಿದ್ದು ಅದೇ.

ಎಷ್ಟು ಹೋದರೆ ಹೆಚ್ಚು? 500 ಮಿಲಿಲೀಟರ್ ದಾಟಿದರೆ ಅಪಾಯ ಎಂಬುದು ಬಹುಕಾಲದ ಲೆಕ್ಕ. ಆದರೆ ಬಟ್ಟೆಗೆ ಇಂಗಿದ್ದು, ನೆಲಕ್ಕೆ ಹರಿದದ್ದು, ಟಬ್ಬಿನ ನೀರಿನಲ್ಲಿ ಬೆರೆತದ್ದನ್ನು ಕಣ್ಣಳತೆಯಲ್ಲಿ ಹೇಳುವುದು ಅನುಭವಿಗಳಿಗೂ ಕಷ್ಟ. ಮೇಲಾಗಿ ನಮ್ಮ ಕಡೆಯ ಹಿರಿಯರ ಮಾತೊಂದಿದೆ: "ಹೋಗಲಿ ಬಿಡು, ಕೆಟ್ಟ ರಕ್ತ ಹೋದಷ್ಟೂ ಒಳ್ಳೇದು." ಅಕ್ಕರೆಯಿಂದಲೇ ಆಡುವ ಮಾತು, ಆದರೆ ಇದರಷ್ಟು ಅಪಾಯದ ಮಾತು ಬಾಣಂತಿಯ ಕೋಣೆಯಲ್ಲಿ ಬೇರೊಂದಿಲ್ಲ. ಹೋಗುವುದು ಅವಳ ಮೈಯ ಒಳ್ಳೆಯ ರಕ್ತವೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆ. ಮೊದಲೇ ಬರಿದಾದ ಮೈಗೆ ಅರ್ಧ ಲೀಟರ್ ಸಣ್ಣ ನಷ್ಟವಲ್ಲ.

ಈ ಕಣ್ಣಳತೆಯ ತೊಡಕಿಗೆ ಉತ್ತರ ಹುಡುಕಿದ ಊರುಗಳಲ್ಲಿ ನಮ್ಮ ಬೆಳಗಾವಿಯೂ ಒಂದು. ಅಲ್ಲಿನ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ವೈದ್ಯರು ಅಮೆರಿಕದ ಸಹೋದ್ಯೋಗಿಗಳೊಡನೆ ಸೇರಿ ಪ್ಲಾಸ್ಟಿಕ್ ಹಾಳೆಯೊಂದನ್ನು ಬಳಕೆಗೆ ತಂದರು. ಕೂಸು ಹುಟ್ಟಿದೊಡನೆ ಅದನ್ನು ತಾಯಿಯ ಕೆಳಗೆ ಹಾಸುತ್ತಾರೆ. ಹಾಳೆಯ ತುದಿ ಲಾಳಿಕೆಯಂತೆ ಇಳಿದು ಚೀಲವಾಗುತ್ತದೆ, ಚೀಲದ ಮೇಲೆ ಅಳತೆಯ ಗೆರೆಗಳು. ರಕ್ತ ಯಾವ ಗೆರೆ ಮುಟ್ಟಿತು ಎಂದು ನೋಡಿದರಾಯಿತು. ಅಲ್ಲೇ ಹೋಲಿಸಿ ನೋಡಿದಾಗ ಕಣ್ಣಳತೆ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ಹೇಳುತ್ತಿತ್ತು.

2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆರಿಗೆಗಳಲ್ಲಿ ಇದೇ ಹಾಳೆ ಹಾಸಿ, ಗರ್ಭಕೋಶವನ್ನು ಬಿಗಿಯುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಪರೀಕ್ಷಿಸಿದರು. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ಗೆರೆ ನೋಡಿ ಬರೆದುಕೊಂಡವರು ಆರೋಗ್ಯ ಉಪಕೇಂದ್ರಗಳ ನರ್ಸಬಾಯಿಯರಾದ ಎಎನ್‌ಎಂಗಳು. ಈ ಮಾತ್ರೆಗೆ ಸೂಜಿ ಬೇಡ, ಫ್ರಿಜ್ ಬೇಡ. ಹುಸಿಮಾತ್ರೆ ಪಡೆದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾದರೆ, ಈ ಮಾತ್ರೆ ನುಂಗಿದವರಲ್ಲಿ ಅದು 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. ನಮ್ಮ ಹಳ್ಳಿಯ ನರ್ಸಬಾಯಿಯರು ಜಗತ್ತಿಗೆ ಕೊಟ್ಟ ಈ ಲೆಕ್ಕ ನಮ್ಮ ಮನೆಮಾತಾಗಿಲ್ಲವಲ್ಲ ಎಂಬ ಕೊರಗು ನನಗಿದೆ.

ಮುಂದೆ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳ ಪೈಕಿ ಸುಮಾರು ಅರ್ಧದಲ್ಲಿ ಅಳತೆಗೆರೆಯ ಇಂಥದೇ ಹಾಳೆ ಹಾಸಿದರು. ರಕ್ತ ಗೆರೆ ದಾಟಿದೊಡನೆ ಹೊಟ್ಟೆ ನೀವುವುದು, ಗರ್ಭಕೋಶ ಬಿಗಿಯುವ ಔಷಧ, ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆ್ಯಸಿಡ್, ಸಲೈನ್, ಗಾಯದ ತಪಾಸಣೆ, ಎಲ್ಲವನ್ನೂ ಒಟ್ಟಿಗೇ ಶುರುಮಾಡಿದರು. ಒಂದಾದ ಮೇಲೊಂದು ಎಂದು ಕಾಯಲಿಲ್ಲ. ತೀವ್ರ ರಕ್ತಸ್ರಾವದ ಅನಾಹುತಗಳು ಶೇ 60ರಷ್ಟು ತಗ್ಗಿದವು ಎಂದು 2023ರಲ್ಲಿ ವರದಿಯಾಯಿತು.

ಅಕ್ಕನ ಕೆಳಗೆ ಅಂಥ ಹಾಳೆ ಇರಲಿಲ್ಲ. ನರ್ಸಬಾಯಿಯ ಅಂಗೈಯೇ ಅಳತೆಗೋಲಾಗಿತ್ತು. ಡಾಕ್ಟರು ಓಡಿ ಬಂದರು, ಎರಡೂ ಕೈಗೆ ಸಲೈನ್ ಏರಿತು, ಮೂರು ಬಾಟಲಿ ರಕ್ತ ಬೇಕಾಯಿತು. ಪೇಡೆ ಹಿಡಿದು ಬಂದ ಮಾವ ಪೊಟ್ಟಣವನ್ನು ಕಿಟಕಿಯಲ್ಲಿಟ್ಟು ರಕ್ತನಿಧಿಗೆ ಓಡಿದರು. ಎರಡು ದಿನ ಅದನ್ನು ಯಾರೂ ಮುಟ್ಟಲಿಲ್ಲ. ಮೂರನೆಯ ದಿನ ಅಕ್ಕ ದಿಂಬಿಗೊರಗಿ ಕೂತು ಮಗಳಿಗೆ ಹಾಲು ಕುಡಿಸಿದಳು. ಅವ್ವ ಪೊಟ್ಟಣ ಬಿಚ್ಚಿ, ಮೊದಲ ಪೇಡೆಯನ್ನು ನರ್ಸಬಾಯಿಯ ಕೈಗಿಟ್ಟಳು.