ಹಿಮದ ನಾಡಿನಲ್ಲಿ ಅಲ್ಯೂಮಿನಿಯಂ ಚಾವಣಿ: ತಪ್ಪು ಕಲ್ಪನೆ ಮತ್ತು ಸತ್ಯ

ಕೆನಡಾದಲ್ಲಿ ಮತ್ತು ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಮನೆಗಳ ಇಳಿಜಾರು ಚಾವಣಿಗೆ ಹೆಚ್ಚಾಗಿ ಹೊದಿಸುವುದು ಡಾಂಬರಿನ ಶಿಂಗಲ್‌ಗಳನ್ನು. ಅವು ಮುರುಟಿ, ಅಂಚು ಎದ್ದು, ಬದಲಾಯಿಸುವ ಹೊತ್ತು ಬಂದಾಗ ಹಲವರು ಲೋಹದ ಚಾವಣಿಯತ್ತ ನೋಡುತ್ತಾರೆ. ಲೋಹದಲ್ಲಿ ಮುಖ್ಯವಾಗಿ ಎರಡು ಆಯ್ಕೆ: ಸತುವಿನ ಲೇಪವಿರುವ ಉಕ್ಕಿನ ತಗಡು ಮತ್ತು ಮ್ಯಾಂಗನೀಸ್ ಬೆರೆಸಿ ಗಟ್ಟಿಗೊಳಿಸಿದ ಅಲ್ಯೂಮಿನಿಯಂ ತಗಡು. ಅಲ್ಯೂಮಿನಿಯಂ ಹಿಮದ ಭಾರಕ್ಕೆ ಕುಸಿಯುತ್ತದೆ, ಚಳಿಗೆ ಸೀಳುತ್ತದೆ, ಮನೆಯನ್ನು ತಣ್ಣಗೆ ಮಾಡುತ್ತದೆ ಎಂಬ ಮಾತುಗಳು ಒಂದು ಕಡೆಯಿದ್ದರೆ, ಅದನ್ನು ಹಾಕಿಸಿದರೆ ಹಿಮದ ಕಾಟವೇ ಇರದು, ಜೀವಮಾನವಿಡೀ ತಿರುಗಿ ನೋಡಬೇಕಾಗಿಲ್ಲ ಎಂಬ ಮಾತುಗಳು ಇನ್ನೊಂದು ಕಡೆ. ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ನಿಜ. ತಗಡಿನ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹುಪಾಲು ಅದರ ಕೆಳಗಿನ ಅಟ್ಟಕ್ಕೆ, ಹಲಗೆಗೆ, ಬಿಗಿದ ರೀತಿಗೆ ಸಂಬಂಧಪಟ್ಟವು.

"ತೆಳು ತಗಡು ಹಿಮದ ಭಾರ ತಡೆಯದು"

ಹಿಮದ ಭಾರ ನಿಜಕ್ಕೂ ದೊಡ್ಡದು. ಆಗತಾನೇ ಬಿದ್ದ ಹಿಮ ಹಗುರ. ಕೆಲವು ದಿನ ಕುಳಿತು ಒತ್ತಾದ ಹಿಮ ಘನಮೀಟರಿಗೆ 200ರಿಂದ 300 ಕಿಲೋ ತೂಗುತ್ತದೆ. ಘನಮೀಟರಿಗೆ 250 ಕಿಲೋ ಎಂದು ಹಿಡಿದರೂ ಅರ್ಧ ಮೀಟರು ದಪ್ಪದ ಹಿಮ ಚದರ ಮೀಟರಿಗೆ 125 ಕಿಲೋ ಆಗುತ್ತದೆ. ನೂರು ಚದರ ಮೀಟರಿನ ಚಾವಣಿಯ ಮೇಲೆ ಅದು ಹನ್ನೆರಡೂವರೆ ಟನ್. ಆದರೆ ಈ ಭಾರವನ್ನು ಹೊರುವುದು ತೊಲೆ, ಜಂತೆ ಮತ್ತು ಗೋಡೆಗಳು. ಅವುಗಳ ಅಳತೆಯನ್ನು ಆಯಾ ಊರಿನ ಹಿಮದ ದಾಖಲೆ ನೋಡಿ ಕಟ್ಟಡ ಸಂಹಿತೆ ನಿಗದಿ ಮಾಡುತ್ತದೆ. ಜಂತೆಯ ಮೇಲೆ ಪೂರ್ತಿ ಪ್ಲೈವುಡ್ ಹಾಸಿ, ಅದರ ಮೇಲೆ ತಗಡು ಹೊದಿಸಿದ್ದರೆ ತಗಡಿನ ಪಾಲಿಗೆ ಬರುವುದು ನೀರು ತಡೆಯುವ ಕೆಲಸವಷ್ಟೇ.

0.8 ಮಿಲಿಮೀಟರು ದಪ್ಪದ ಅಲ್ಯೂಮಿನಿಯಂ ತಗಡು ಚದರ ಮೀಟರಿಗೆ ಸುಮಾರು 2.2 ಕಿಲೋ, ಅರ್ಧ ಮಿಲಿಮೀಟರಿನ ಉಕ್ಕಿನ ತಗಡು ಸುಮಾರು 4 ಕಿಲೋ, ಡಾಂಬರಿನ ಶಿಂಗಲ್ ಹತ್ತು ಕಿಲೋಗೂ ಹೆಚ್ಚು. ಹಳೆಯ ಮನೆಯ ಬಡಕಲು ಜಂತೆಗಳಿಗೆ ಅಲ್ಯೂಮಿನಿಯಂ ಹಗುರವೆಂಬುದೇ ಒಂದು ಅನುಕೂಲ. ಆದರೂ ಈ ಅಪನಂಬಿಕೆಯಲ್ಲಿ ಒಂದು ಎಳೆ ಸತ್ಯವಿದೆ. ಬಾಗದೆ ನಿಲ್ಲುವ ಬಿಗುವಿನಲ್ಲಿ ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಭಾಗ ಮಾತ್ರ. ಹಲಗೆ ಹಾಸದೆ, ದೂರದೂರ ಬಡಿದ ರೀಪುಗಳ ಮೇಲೆ ತಗಡನ್ನು ಹಾಗೆಯೇ ಹೊದಿಸಿದರೆ ರೀಪಿನ ನಡುವೆ ಅದು ಜೋಲುತ್ತದೆ. ಕೊಟ್ಟಿಗೆ, ಶೆಡ್ಡುಗಳಲ್ಲಿ ಹೀಗಾಗಿದ್ದನ್ನು ಕಂಡವರು ಮನೆಗೂ ಅದೇ ಗತಿ ಎಂದುಕೊಳ್ಳುತ್ತಾರೆ.

"ಕೊರೆಯುವ ಚಳಿಗೆ ಅಲ್ಯೂಮಿನಿಯಂ ಸೀಳುತ್ತದೆ"

ಇದು ಪೂರ್ತಿ ಸುಳ್ಳು. ಕೆಲವು ಬಗೆಯ ಉಕ್ಕು ತೀವ್ರ ಚಳಿಯಲ್ಲಿ ಪೆಡಸಾಗುವುದುಂಟು. ಅಲ್ಯೂಮಿನಿಯಂನ ಹರಳಿನ ರಚನೆ ಬೇರೆಯಾದ್ದರಿಂದ ಅದಕ್ಕೆ ಆ ದೋಷವಿಲ್ಲ. ತಾಪ ಇಳಿದಂತೆ ಅದರ ಬಲ ತುಸು ಹೆಚ್ಚುತ್ತದೆ. ದ್ರವೀಕರಿಸಿದ ನೈಸರ್ಗಿಕ ಅನಿಲವನ್ನು ಮೈನಸ್ 162 ಡಿಗ್ರಿಯಲ್ಲಿ ಸಾಗಿಸುವ ಹಡಗುಗಳ ಗೋಳಾಕಾರದ ಟ್ಯಾಂಕುಗಳನ್ನು ಅಲ್ಯೂಮಿನಿಯಂ ಮಿಶ್ರಲೋಹದಿಂದಲೇ ಮಾಡುತ್ತಾರೆ. ಕೆನಡಾದ ವಿನಿಪೆಗ್‌ನ ಮೈನಸ್ 40 ಅದಕ್ಕೆ ಏನೂ ಅಲ್ಲ.

ಕಾಡುವುದು ಹಿಗ್ಗು ಕುಗ್ಗು. ಒಂದೇ ಪ್ರಮಾಣದ ತಾಪದ ಬದಲಾವಣೆಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಚಳಿಗಾಲದ ಇರುಳಿನಲ್ಲಿ ಮೈನಸ್ 35ಕ್ಕೆ ಇಳಿಯುವ ಗಾಢ ಬಣ್ಣದ ತಗಡು ಬೇಸಿಗೆಯ ಬಿಸಿಲಿಗೆ 65 ಡಿಗ್ರಿ ಮುಟ್ಟಬಲ್ಲದು. ಈ ನೂರು ಡಿಗ್ರಿಯ ಅಂತರದಲ್ಲಿ ಹತ್ತು ಮೀಟರು ಉದ್ದದ ಅಲ್ಯೂಮಿನಿಯಂ ಹಾಳೆ ಸುಮಾರು 23 ಮಿಲಿಮೀಟರು ಓಡಾಡುತ್ತದೆ, ಉಕ್ಕಾದರೆ 12. ಹಾಳೆಯ ಮೈಗೆ ಸ್ಕ್ರೂ ಹೊಡೆದು ಎಲ್ಲ ಕಡೆ ಬಿಗಿದಿದ್ದರೆ ಆ ಓಟ ಸ್ಕ್ರೂವಿನ ತೂತಿನ ಮೇಲೆ ಬೀಳುತ್ತದೆ. ದುಂಡಗಿದ್ದ ತೂತು ವರ್ಷ ಕಳೆದಂತೆ ಉದ್ದವಾಗುತ್ತದೆ, ರಬ್ಬರ್ ವಾಷರ್ ಒಣಗಿ ಬಿರಿಯುತ್ತದೆ, ಸ್ಕ್ರೂ ಸಡಿಲಾಗಿ ತಲೆ ಎತ್ತುತ್ತದೆ. ಚಳಿಗೆ ಸೀಳಿತು ಎಂದು ಜನ ಹೇಳುವುದು ಸಾಮಾನ್ಯವಾಗಿ ಈ ಅಗಲವಾದ ತೂತುಗಳನ್ನು ನೋಡಿ.

ಪರಿಹಾರ ಬಹುಕಾಲದಿಂದ ಇದೆ. ಸ್ಟ್ಯಾಂಡಿಂಗ್ ಸೀಮ್ ಎಂಬ ಪದ್ಧತಿಯಲ್ಲಿ ಪಕ್ಕಪಕ್ಕದ ಹಾಳೆಗಳ ಅಂಚನ್ನು ಮೇಲೆತ್ತಿ ಮಡಿಸಿ ಕೂಡಿಸುತ್ತಾರೆ. ಸ್ಕ್ರೂಗಳು ಮಡಿಕೆಯೊಳಗೆ ಅಡಗಿರುವ ಕ್ಲಿಪ್ಪುಗಳಿಗೆ ಮಾತ್ರ. ಹಾಳೆಯನ್ನು ಒಂದು ತುದಿಯಲ್ಲಷ್ಟೇ ಗಟ್ಟಿಯಾಗಿ ಬಿಗಿದು, ಉಳಿದ ಉದ್ದಕ್ಕೂ ಕ್ಲಿಪ್ಪಿನ ಹಿಡಿತದಲ್ಲೇ ಜಾರುವಂತೆ ಬಿಡುತ್ತಾರೆ. ಇನ್ನೊಂದು ದಾರಿ ಒಂದಕ್ಕೊಂದು ಕೊಂಡಿ ಬೀಳುವ ಸಣ್ಣ ಅಲ್ಯೂಮಿನಿಯಂ ಶಿಂಗಲ್‌ಗಳು. ಪ್ರತಿ ತುಂಡೂ ಚಿಕ್ಕದಾದ್ದರಿಂದ ಹಿಗ್ಗು ತುಂಡಿಗೊಂದಿಷ್ಟಾಗಿ ಹಂಚಿಹೋಗುತ್ತದೆ. ಬೆಲೆ ಕಡಿಮೆಯೆಂದು ಮೈಮೇಲೆ ಸ್ಕ್ರೂ ಕಾಣುವ ಉದ್ದನೆಯ ಅಲ್ಯೂಮಿನಿಯಂ ಹಾಳೆಯನ್ನು ವಾಸದ ಮನೆಗೆ, ಅದೂ ಇಂಥ ಹವೆಯಲ್ಲಿ, ಹಾಕಿಸುವುದು ಸರಿಯಾದ ಉಳಿತಾಯವಲ್ಲ.

"ಲೋಹದ ಚಾವಣಿ ಹಾಕಿದರೆ ಐಸ್ ಡ್ಯಾಮ್ ಆಗುವುದಿಲ್ಲ"

ಹಿಮದ ನಾಡಿನ ಮನೆಗಳಿಗೆ ಅತಿ ಹೆಚ್ಚು ನಷ್ಟ ಮಾಡುವ ಸಂಗತಿಗಳಲ್ಲಿ ಸೂರಿನಂಚಿನಲ್ಲಿ ಕಟ್ಟುವ ಮಂಜುಗಡ್ಡೆಯ ಒಡ್ಡು, ಅಂದರೆ ಐಸ್ ಡ್ಯಾಮ್, ಒಂದು. ಲೋಹ ಇದಕ್ಕೆ ಮದ್ದು ಎಂದು ಕೆಲವರು, ಅಲ್ಯೂಮಿನಿಯಂ ಶಾಖವನ್ನು ಬೇಗ ಹಾಯಿಸುವುದರಿಂದ ಇದನ್ನು ಹೆಚ್ಚಿಸುತ್ತದೆ ಎಂದು ಇನ್ನು ಕೆಲವರು ನಂಬುತ್ತಾರೆ. ಎರಡೂ ಮೂಲವನ್ನು ಬಿಟ್ಟು ಹೇಳುವ ಮಾತು.

ಹೊರಗೆ ಮೈನಸ್ 10 ಡಿಗ್ರಿ, ಚಾವಣಿಯ ಮೇಲೆ ಮೊಣಕಾಲೆತ್ತರದ ಹಿಮ. ಗಾಳಿ ತುಂಬಿಕೊಂಡ ಹಿಮ ತಾನೇ ಒಂದು ಒಳ್ಳೆಯ ಕಂಬಳಿ. ಮನೆಯೊಳಗಿನ ಬಿಸಿಗಾಳಿ ದೀಪ ಕೂರಿಸಿದ ತೂತುಗಳಿಂದ, ಅಟ್ಟಕ್ಕೆ ಹತ್ತುವ ಬಾಗಿಲಿನ ಸಂದಿನಿಂದ, ಬಚ್ಚಲುಮನೆಯ ಫ್ಯಾನಿನ ಕಳಚಿದ ಕೊಳವೆಯಿಂದ ಅಟ್ಟ ಸೇರುತ್ತದೆ. ಅಟ್ಟ ಬೆಚ್ಚಗಾಗಿ ಚಾವಣಿಯ ಹಲಗೆ ಸೊನ್ನೆ ಡಿಗ್ರಿ ದಾಟಿದರೆ ಸಾಕು, ಹಿಮದ ತಳ ಕರಗಿ ನೀರು ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ. ಗೋಡೆಯನ್ನು ದಾಟಿ ಹೊರಚಾಚಿದ ಸೂರಿನ ಕೆಳಗೆ ಬಿಸಿಯಿಲ್ಲ; ಅಲ್ಲಿ ನೀರು ಮತ್ತೆ ಗಟ್ಟಿಯಾಗುತ್ತದೆ. ದಿನದಿನಕ್ಕೂ ಒಡ್ಡು ಎತ್ತರವಾಗಿ ಅದರ ಹಿಂದೆ ನೀರು ನಿಲ್ಲುತ್ತದೆ. ಚಾವಣಿಯ ಜೋಡಣೆಗಳೆಲ್ಲ ಹರಿದುಹೋಗುವ ನೀರಿಗೆಂದು ಮಾಡಿದವು, ನಿಂತ ನೀರಿಗಲ್ಲ. ಶಿಂಗಲ್ ಆದರೆ ಅಡಿಯಿಂದ, ಲೋಹವಾದರೆ ಮಡಿಕೆಯ ಮೇಲಿಂದ ನೀರು ಒಳಗಿಳಿಯುತ್ತದೆ.

ಈ ಇಡೀ ಕ್ರಮದಲ್ಲಿ ಒಂದು ಮಿಲಿಮೀಟರಿಗೂ ತೆಳುವಾದ ತಗಡಿನ ಪಾತ್ರ ಲೆಕ್ಕಕ್ಕಿಲ್ಲ. ಶಾಖಕ್ಕೆ ಅಡ್ಡಿಯಾಗುವುದು ಕೆಳಗಿನ ಶಾಖನಿರೋಧಕ ಪದರ ಮತ್ತು ಮೇಲಿನ ಹಿಮ. ಅವುಗಳ ನಡುವೆ ಅಲ್ಯೂಮಿನಿಯಂ ಇದ್ದರೂ ಅಷ್ಟೇ, ಉಕ್ಕಿದ್ದರೂ ಅಷ್ಟೇ. ನುಣುಪು ಲೋಹದಿಂದ ಹಿಮ ಬೇಗ ಜಾರಿಹೋದರೆ ಒಡ್ಡು ಕಟ್ಟುವ ಅವಕಾಶ ಕಡಿಮೆಯಾಗುವುದು ನಿಜ. ಆದರೆ ಎರಡು ಇಳಿಜಾರು ಕೂಡುವ ಸಂದಿನಲ್ಲಿ, ಇಳಿಜಾರು ಕಡಿಮೆಯಿರುವ ಕಡೆ, ಹಿಮ ತಡೆಯುವ ಕಂಬಿ ಹಾಕಿದ ಕಡೆ ಆ ಲಾಭ ಸಿಗುವುದಿಲ್ಲ.

ಹಾಗಾಗಿ ಮಾಡಬೇಕಾದ ಕೆಲಸ ಅಟ್ಟದಲ್ಲಿದೆ. ಮೊದಲು ಸಂದುಗಳನ್ನೆಲ್ಲ ಮುಚ್ಚಬೇಕು, ಆಮೇಲೆ ಶಾಖನಿರೋಧಕವನ್ನು ಸಾಕಷ್ಟು ದಪ್ಪ ಹಾಸಬೇಕು, ಸೂರಿನಿಂದ ಹೊಕ್ಕ ತಣ್ಣನೆ ಗಾಳಿ ನೆತ್ತಿಯಿಂದ ಹೊರಹೋಗುವಂತೆ ಕಿಂಡಿ ಬಿಡಬೇಕು. ಕೆನಡಾದ ರಾಷ್ಟ್ರೀಯ ಕಟ್ಟಡ ಸಂಹಿತೆ ಈ ಕಿಂಡಿಗಳ ಒಟ್ಟು ವಿಸ್ತಾರ ಅಟ್ಟದ ಕೆಳಗಿನ ಶಾಖನಿರೋಧಕ ಹಾಸಿದ ಜಾಗದ ಮುನ್ನೂರನೇ ಒಂದು ಭಾಗಕ್ಕೆ ಕಡಿಮೆಯಿರಬಾರದು ಎನ್ನುತ್ತದೆ. ಇಳಿಜಾರು ತೀರ ಕಡಿಮೆಯಿದ್ದರೆ ನೂರೈವತ್ತನೇ ಒಂದು ಭಾಗ. ಇಷ್ಟಾದ ಮೇಲೂ ಸೂರಿನಂಚಿನಿಂದ ಮೇಲಕ್ಕೆ, ಹೊರಗೋಡೆಯನ್ನು ದಾಟಿ ಒಳಗಿನವರೆಗೆ ಬರುವಂತೆ, ಹಲಗೆಗೆ ಅಂಟುವ ಜಲನಿರೋಧಕ ಹಾಳೆಯನ್ನು ಹಾಸಿರಬೇಕು. ಲೋಹದ ಅಡಿಯಲ್ಲಿ ಹಾಸುವ ಈ ಹಾಳೆ ಹೆಚ್ಚಿನ ತಾಪಕ್ಕೆಂದೇ ತಯಾರಾದದ್ದಾಗಿರಬೇಕು, ಇಲ್ಲವಾದರೆ ಬೇಸಿಗೆಯಲ್ಲಿ ಅದರ ಅಂಟು ಕರಗಿ ಇಳಿಯುತ್ತದೆ. ಸೂರಿಗೆ ಬಿಸಿ ತಂತಿ ಎಳೆಯುವುದು ನೋವು ತಗ್ಗಿಸುವ ಉಪಾಯ ಮಾತ್ರ.

ಮನೆ ತಣ್ಣಗಾಗುತ್ತದೆ ಎಂಬ ಭಯಕ್ಕೂ ಉತ್ತರ ಇದರಲ್ಲೇ ಇದೆ. ತಗಡು ಮನೆಯನ್ನು ಬೆಚ್ಚಗಿಡುವುದೂ ಇಲ್ಲ, ತಣ್ಣಗೆ ಮಾಡುವುದೂ ಇಲ್ಲ. ಆದರೆ ತಗಡಿನ ಅಡಿಯಲ್ಲಿ ಇಬ್ಬನಿ ಕಟ್ಟುವುದು ನಿಜವಾದ ತೊಂದರೆ. ಮೋಡವಿಲ್ಲದ ಇರುಳಿನಲ್ಲಿ ತಗಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಅಡುಗೆ, ಸ್ನಾನ, ಉಸಿರಿನ ತೇವ ಅಟ್ಟಕ್ಕೆ ಏರಿದರೆ ತಣ್ಣನೆಯ ಜಾಗಗಳಲ್ಲಿ ಬಿಳಿಯ ಪುಡಿಯಂತೆ ಹೆಪ್ಪುಗಟ್ಟುತ್ತದೆ. ಮಾರನೆಯ ದಿನ ಬಿಸಿಲೇರಿದಾಗ ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಹೊರಗೆ ಮಳೆ ಹಿಮ ಏನೂ ಇಲ್ಲದ ಬಿಸಿಲಿನ ಬೆಳಿಗ್ಗೆ ಚಾವಣಿ ತೊಟ್ಟಿಕ್ಕಿದರೆ ಮೇಲೆ ತೂತು ಹುಡುಕುವ ಮೊದಲು ಅಟ್ಟಕ್ಕೆ ಹತ್ತಿ ನೋಡುವುದು ಒಳ್ಳೆಯದು.

"ಹಿಮ ತಾನಾಗಿ ಜಾರುತ್ತದೆ, ಚಿಂತೆಯಿಲ್ಲ"

ಹಿಮ ಜಾರುತ್ತದೆ, ಚಿಂತೆ ಶುರುವಾಗುವುದೇ ಅಲ್ಲಿ. ಬಿಸಿಲಿಗೆ ತಳ ಕರಗಿದ ಹಿಮ ಇಡೀ ಇಳಿಜಾರಿನಷ್ಟು ಅಗಲಕ್ಕೆ ಒಮ್ಮೆಲೇ ಕಳಚಿ ಬೀಳಬಹುದು. ಮಳೆನೀರಿನ ದೋಣಿ, ಚಾವಣಿಯಿಂದ ಮೇಲೆದ್ದ ಕೊಳವೆಗಳು, ಕೆಳಗಿನ ವರಾಂಡದ ಚಾವಣಿ, ಗ್ಯಾಸ್ ಮೀಟರು, ನಿಲ್ಲಿಸಿದ ಕಾರು ಎಲ್ಲವೂ ಅದರ ದಾರಿಯಲ್ಲಿವೆ. ಬಾಗಿಲಿನ ಎದುರು ನಿಂತ ಮನುಷ್ಯನ ಜೀವಕ್ಕೇ ಅಪಾಯವಿದೆ. ಕಾಶ್ಮೀರದಲ್ಲೂ ಹಿಮಾಚಲದಲ್ಲೂ ತಗಡಿನ ಚಾವಣಿಗಳಿಗೆ ಇದೇ ಸಮಸ್ಯೆಯಿದೆ, ಅಲ್ಲಿ ತಗಡು ಹೆಚ್ಚಾಗಿ ಉಕ್ಕಿನದೆಂಬುದಷ್ಟೇ ವ್ಯತ್ಯಾಸ.

ಇದಕ್ಕಾಗಿ ಸ್ನೋ ಗಾರ್ಡ್ ಎಂಬ ತಡೆಗಳನ್ನು ಹಾಕುತ್ತಾರೆ. ಅವುಗಳ ಮೇಲೆ ಬೀಳುವ ಒತ್ತಡವನ್ನು ಬಹಳ ಮಂದಿ ಊಹಿಸಿರುವುದಿಲ್ಲ. ಆರು ಮೀಟರು ಉದ್ದ, 30 ಡಿಗ್ರಿ ವಾಲಿದ ಇಳಿಜಾರಿನಲ್ಲಿ ಚದರ ಮೀಟರಿಗೆ ನೂರು ಕಿಲೋ ಹಿಮ ಕೂತಿದೆಯೆಂದರೆ ಒಂದು ಮೀಟರು ಅಗಲದ ಪಟ್ಟಿಯಲ್ಲಿ 600 ಕಿಲೋ ಇರುತ್ತದೆ. ಘರ್ಷಣೆಯನ್ನು ಬಿಟ್ಟರೆ ಅದರಲ್ಲಿ ಅರ್ಧ, ಅಂದರೆ 300 ಕಿಲೋ ಭಾರ, ಕೆಳಗಿನ ಕಂಬಿಯ ಪ್ರತಿ ಮೀಟರನ್ನೂ ತಳ್ಳುತ್ತಿರುತ್ತದೆ. ಅಂಟಿಸಿದ ಪ್ಲಾಸ್ಟಿಕ್ ತುಂಡುಗಳನ್ನು ಬಾಗಿಲಿನ ಮೇಲಷ್ಟೇ ನಾಲ್ಕಾರು ಹಾಕಿದರೆ ಅವು ಹಿಮದ ಜೊತೆಗೇ ಕೆಳಗೆ ಬರುತ್ತವೆ. ಮಡಿಕೆಗೆ ತೂತು ಮಾಡದೆ ಹಿಡಿಕೆಯಿಂದ ಬಿಗಿಯುವ ಕಂಬಿಗಳನ್ನು ಇಳಿಜಾರಿನ ಉದ್ದ ಮತ್ತು ಊರಿನ ಹಿಮದ ಲೆಕ್ಕ ಹಿಡಿದು, ಬೇಕಾದರೆ ಎರಡು ಮೂರು ಸಾಲಾಗಿ ಕೂರಿಸಬೇಕು.

ಸದ್ದು, ಸಿಡಿಲು, ಆಲಿಕಲ್ಲು

ಮಲೆನಾಡಿನ ತಗಡಿನ ಶೆಡ್ಡಿನಲ್ಲಿ ಮಳೆಗಾಲ ಕಳೆದವರಿಗೆ ಸದ್ದಿನ ಭಯ ಸಹಜ. ಟೊರಾಂಟೊದಲ್ಲೋ ಕ್ಯಾಲ್ಗರಿಯಲ್ಲೋ ಮನೆ ಕೊಂಡ ಕನ್ನಡಿಗರು ಲೋಹವೆಂದರೆ ಹಿಂಜರಿಯಲು ಇದೂ ಒಂದು ಕಾರಣವಾಗಬಹುದು. ಅಲ್ಲಿನ ಮನೆಯಲ್ಲಿ ತಗಡಿನ ಕೆಳಗೆ ಹಾಳೆ, ಹಲಗೆ, ಅಟ್ಟ, ಒಂದಡಿಗೂ ದಪ್ಪದ ಶಾಖನಿರೋಧಕ, ಆಮೇಲೆ ಒಳಚಾವಣಿ ಇರುತ್ತವೆ. ಹಿಮವಂತೂ ಸದ್ದಿಲ್ಲದೆ ಬೀಳುತ್ತದೆ. ಸದ್ದು ಕೇಳಿದರೆ ಅದು ಹಿಮ ಜಾರುವಾಗಿನದು, ಇಲ್ಲವೆ ಓಡಾಡಲು ಎಡೆಯಿಲ್ಲದೆ ಬಿಗಿದ ಹಾಳೆ ಬೆಳಗಿನ ಬಿಸಿಲಿಗೆ ಟಕ್ಕೆನ್ನುವುದು.

ಸಿಡಿಲು ಆರಿಸಿಕೊಳ್ಳುವುದು ಎತ್ತರವನ್ನು ಮತ್ತು ಜಾಗವನ್ನು. ಚಾವಣಿ ಲೋಹದ್ದೆಂದು ಸಿಡಿಲು ಹೆಚ್ಚು ಬಡಿಯುವುದಿಲ್ಲ. ಬಡಿದರೂ ಅಲ್ಯೂಮಿನಿಯಂ ಹೊತ್ತಿ ಉರಿಯುವ ಹೊದಿಕೆಯಲ್ಲ. 1884ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ಸ್ಮಾರಕದ ತುದಿಗೆ ಕೂರಿಸಿದ ಪುಟ್ಟ ಪಿರಮಿಡ್ಡು ಅಲ್ಯೂಮಿನಿಯಂನದು, ಅದರ ಕೆಲಸವೇ ಸಿಡಿಲನ್ನು ನೆಲಕ್ಕಿಳಿಸುವುದು.

ಆಲಿಕಲ್ಲಿನ ದೂರಿಗೆ ಮಾತ್ರ ಹುರುಳಿದೆ. ಅಲ್ಯೂಮಿನಿಯಂ ಉಕ್ಕಿಗಿಂತ ಮೆದು. ದೊಡ್ಡ ಆಲಿಕಲ್ಲಿಗೆ ತಗ್ಗು ಬೀಳುತ್ತದೆ. 2020ರ ಜೂನ್ 13ರಂದು ಕ್ಯಾಲ್ಗರಿಯ ಮೇಲೆ ಸುರಿದ ಆಲಿಕಲ್ಲಿನಿಂದ ವಿಮೆಗೆ ಒಳಪಟ್ಟ ನಷ್ಟವೇ ನೂರು ಕೋಟಿ ಕೆನಡಾ ಡಾಲರು ದಾಟಿತು. ಮಾರುವವರು ಕ್ಲಾಸ್ 4 ಪ್ರಮಾಣಪತ್ರ ತೋರಿಸುತ್ತಾರೆ. ಎರಡು ಇಂಚಿನ ಉಕ್ಕಿನ ಗುಂಡನ್ನು ಇಪ್ಪತ್ತು ಅಡಿ ಎತ್ತರದಿಂದ ಬಿಟ್ಟು ನೋಡುವ ಆ ಪರೀಕ್ಷೆ ಹೊದಿಕೆ ಬಿರುಕು ಬಿಟ್ಟಿತೇ ಎಂದು ಕೇಳುತ್ತದೆ, ತಗ್ಗು ಬಿತ್ತೇ ಎಂದು ಕೇಳುವುದಿಲ್ಲ. ನೋಟ ಕೆಡುವ ನಷ್ಟವನ್ನು ಹೊರಗಿಡುವ ವಿಮಾ ಷರತ್ತುಗಳೂ ಇವೆ. ಆಲಿಕಲ್ಲಿನ ಊರಿನಲ್ಲಿ ದಪ್ಪ ತಗಡು, ಮೈಮೇಲೆ ಗೆರೆ ಅಚ್ಚುಗಳಿರುವ ಶಿಂಗಲ್, ಇಲ್ಲವೆ ನೇರವಾಗಿ ಉಕ್ಕನ್ನೇ ಆರಿಸುವುದು ವಿವೇಕ.

"ತುಕ್ಕು ಹಿಡಿಯದ್ದರಿಂದ ಎಂದೂ ಕೆಡದು"

ಗಾಳಿ ತಾಕಿದ ಕೂಡಲೇ ಅಲ್ಯೂಮಿನಿಯಂ ಮೇಲೆ ಆಕ್ಸೈಡಿನ ತೆಳು ಪೊರೆ ಕಟ್ಟುತ್ತದೆ. ಗೀರಿದರೆ ಪೊರೆ ಮತ್ತೆ ತಾನೇ ಕೂಡಿಕೊಳ್ಳುತ್ತದೆ. ಉಪ್ಪುಗಾಳಿಯ ನೋವಾ ಸ್ಕೋಷಿಯಾ, ನ್ಯೂಫೌಂಡ್‌ಲ್ಯಾಂಡ್, ಮೇನ್ ಕರಾವಳಿಗಳಲ್ಲಿ ಉಕ್ಕನ್ನು ಬಿಟ್ಟು ಅಲ್ಯೂಮಿನಿಯಂ ಹಾಕಲು ಇದೇ ಕಾರಣ. ಆದರೂ ಅದಕ್ಕೆ ಹಗೆಗಳಿವೆ. ತಾಮ್ರದ ಹೊದಿಕೆಯಿಂದ ಹರಿದು ಬಂದ ನೀರು, ತಾಮ್ರದ ರಾಸಾಯನಿಕ ಕುಡಿಸಿದ ಮರ, ಹೊಗೆಗೂಡಿನ ಬುಡದ ಹಸಿ ಸಿಮೆಂಟು ಗಾರೆ ಇವು ಅಲ್ಯೂಮಿನಿಯಂಗೆ ತಾಕಿದ ಕಡೆ ಗುಳಿ ಬೀಳುತ್ತವೆ. ನಡುವೆ ಹಾಳೆ ಹಾಕಿ ಬೇರ್ಪಡಿಸಬೇಕು, ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಬೇಕು. ಹಿಮ ಎಳೆಯಲು ಕಬ್ಬಿಣದ ಸನಿಕೆ ಬಳಸಿದರೆ ಬಣ್ಣ ಕಿತ್ತುಬರುತ್ತದೆ. ನೆಲದಲ್ಲಿ ನಿಂತು ಪ್ಲಾಸ್ಟಿಕ್ ಅಂಚಿನ ಉದ್ದ ಹಿಡಿಯ ಎಳೆಗೋಲಿನಿಂದ, ತಳದಲ್ಲಿ ನಾಲ್ಕು ಬೆರಳು ಹಿಮ ಬಿಟ್ಟು ಎಳೆಯುವುದು ಸರಿಯಾದ ಕ್ರಮ. ಹಾಗೆಯೇ ದಶಕಗಳ ವಾರಂಟಿ ಸಾಮಾನ್ಯವಾಗಿ ತಗಡಿನ ಬಣ್ಣಕ್ಕೆ ಕೊಟ್ಟದ್ದು. ಜೋಡಿಸಿದವನ ಕೆಲಸಕ್ಕೆ ಬೇರೆ ಲಿಖಿತ ವಾರಂಟಿ ಬೇಕು.

ಅಲ್ಯೂಮಿನಿಯಂ ಉಕ್ಕಿಗಿಂತ ದುಬಾರಿ. ಕಡಲ ತೀರದಲ್ಲಿ, ಹಳೆಯ ಬಡಕಲು ಜಂತೆಗಳ ಮೇಲೆ, ಕೊಂಡಿ ಬೀಳುವ ಶಿಂಗಲ್ ರೂಪದಲ್ಲಿ ಆ ಹೆಚ್ಚಿನ ಹಣಕ್ಕೆ ತಕ್ಕ ಫಲವಿದೆ. ಕಡಲಿನಿಂದ ದೂರವಿರುವ, ಒಣಹವೆಯ, ಆಲಿಕಲ್ಲು ಬೀಳುವ ಬಯಲುಸೀಮೆಯಲ್ಲಿ ಒಳ್ಳೆಯ ಲೇಪದ ಉಕ್ಕು ಅದೇ ಕೆಲಸ ಮಾಡುತ್ತದೆ, ಉಳಿದ ಹಣ ಅಟ್ಟದ ಶಾಖನಿರೋಧಕಕ್ಕೆ ಒದಗುತ್ತದೆ.